ದುಬೈಗೆ ಹೋಗುವ ಕ್ಯಾಸೆಟ್

ಇವತ್ತು ಮಧ್ಯಾಹ್ನ ದುಬೈಯಲ್ಲಿರುವ ನನ್ನ ಯಜಮಾನರಿಗೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸುತ್ತಿದ್ದೆ, ಗೆಳತಿಯರೇ. ಸಂಧಿವಾತದ ಮಂಡಿ ಎಂದಿನಂತೆ ಹಿಂಡುತ್ತಿತ್ತು.

“ಪುತ್ತೂರಿನ ಡಾಕ್ಟ್ರು ಮಾತ್ರೆ ಬದಲಿಸಿದ್ದಾರೆ. ಈಗ ನನ್ನ ಮಂಡಿ ಕಡಬಕ್ಕೆ ಹೋಗುವ ಹಳೇ ಜೀಪಿನ ಹಾಗೆ, ಇಬ್ರು ದೂಡಿದ್ರೆ ಸ್ಟಾರ್ಟ್ ಆಗುದು” ಎಂದೆ. ನರಳಿಕೆ ಬಂದಾಗಲೆಲ್ಲ ಟಕ್ ಎಂದು ಟೇಪ್ ನಿಲ್ಲಿಸಿ, ಉಸಿರು ಸರಿಮಾಡಿಕೊಂಡು, ಮತ್ತೆ ಗುಂಡಿ ಒತ್ತುತ್ತಿದ್ದೆ.

ನಾದಿನಿ ಝೊಹರಾಗೆ ಸಿಟ್ಟು ಬಂತು. “ನೋವುಂಟು ಅಂತ ಹೇಳ್ಲಿಕ್ಕೆ ಎಂತ ನಾಚಿಗೆ ಅತ್ತಿಗೆ? ಅಣ್ಣನಿಗೂ ಗೊತ್ತಾಗ್ಲಿ.”

“ನಗದಿದ್ರೆ ನಂಗೇ ತಡ್ಕೊಳ್ಳಿಕ್ಕೆ ಆಗುದಿಲ್ಲ ಮಾರಾಯ್ತಿ. ಪಾಪ, ಅವರು ಅಲ್ಲಿ ಕೂತು ಎಂತ ಮಾಡುದು?”

ಸಂಜೆ, ರಜೆಯಲ್ಲಿ ಊರಿಗೆ ಬಂದವರೊಬ್ಬರು ಯಜಮಾನರ ಕ್ಯಾಸೆಟ್ ತಂದುಕೊಟ್ಟರು. ಅಲ್ಲಿನ ಬಿಸಿಲು, ತಾವೇ ಮಾಡಿ ತಳ ಹಿಡಿಸಿದ ಮೀನು ಸಾರು, ಎಲ್ಲದಕ್ಕೂ ತಮಾಷೆ. ಝೊಹರಾ ಬಿದ್ದು ಬಿದ್ದು ನಕ್ಕಳು.

ನನಗೆ ನಗು ಬರಲಿಲ್ಲ. ಅವರ ಒಂದೊಂದು ತಮಾಷೆಗೂ ಮೊದಲು ಟೇಪಿನಲ್ಲಿ ‘ಟಕ್’ ಎಂಬ ಸದ್ದು ಕೇಳುತ್ತಿತ್ತು.

ಅಂತೂ ಗಂಡ ಹೆಂಡತಿ ಇಬ್ಬರೂ ಒಂದೇ ಮದ್ದು ತೆಗೆದುಕೊಳ್ಳುತ್ತಿದ್ದೇವೆ. ಅವರದು ಯಾವ ನೋವಿಗೆ ಎಂಬುದು ಮಾತ್ರ ಕ್ಯಾಸೆಟ್ಟಿನಲ್ಲಿ ಇಲ್ಲ.