ಅಡಿಗೊಂದು ಇಂಚು

ನನ್ನ ಕಂಪ್ಯೂಟರಿನ ಕೀಲಿಮಣೆಯಲ್ಲಿ ಎಲ್ಲಕ್ಕಿಂತ ಮೊದಲು ಸವೆದು ಬೋಳಾದದ್ದು ಅಲ್ಪವಿರಾಮದ ಕೀಲಿ. ಇದನ್ನು ಕೇಳಿ, ಈತ ಅಲ್ಪವಿರಾಮಗಳನ್ನು ಧಾರಾಳವಾಗಿ ಚೆಲ್ಲುವ ಸಾಹಿತಿಯಿರಬೇಕೆಂದು ತಾವು ಭಾವಿಸಿದರೆ ನನಗೇನೂ ಬೇಸರವಿಲ್ಲ. ಆದರೆ ಸತ್ಯ ಅಷ್ಟು ಘನವಾದದ್ದಲ್ಲ. ಹೊಳೆನರಸೀಪುರದ ಬಸ್ ನಿಲ್ದಾಣದಿಂದ ಕೂಗಳತೆ ದೂರದಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ಕುಳಿತು ಮನೆಗಳ ನಕ್ಷೆ ಬರೆದುಕೊಡುವುದು ನನ್ನ ಕಸುಬು. ಆ ಕೀಲಿಯ ನೆತ್ತಿಯಲ್ಲಿ ಇನ್ನೊಂದು ಚಿಹ್ನೆಯಿದೆ. ದೊಡ್ಡ ಸಂಖ್ಯೆಯ ಕಡೆಗೇ ಕಾಗೆ ಬಾಯಿ ತೆರೆಯುತ್ತದೆ ಎಂದು ಶಾಲೆಯಲ್ಲಿ ಮೇಷ್ಟ್ರು ಕಲಿಸಿದ ಚಿಹ್ನೆ. ನಕ್ಷೆ ಬರೆಯುವ ತಂತ್ರಾಂಶದಲ್ಲಿ ಓರೆಗೆರೆ ಎಳೆಯಬೇಕಾದರೆ ಮೊದಲು ಉದ್ದವನ್ನು ಒತ್ತಬೇಕು, ಅನಂತರ ಕಾಗೆಯ ಬಾಯಿ, ಕೊನೆಗೆ ಕೋನ. ಹತ್ತು, ಕಾಗೆ, ಮೂವತ್ತು ಎಂದರೆ ಹತ್ತಡಿಯ ಗೆರೆ ಮೂವತ್ತು ಡಿಗ್ರಿಯಲ್ಲಿ ಥಟ್ಟನೆ ಎದ್ದು ನಿಲ್ಲುತ್ತದೆ.

ಹಲಗೆ, ಪೆನ್ಸಿಲು, ಮೂಲೆಪಟ್ಟಿಗಳ ಕಾಲದಲ್ಲಿ ಕಣ್ಣು ಬಿಟ್ಟ ನನಗೆ ಇದು ಇವತ್ತಿಗೂ ಪವಾಡವೇ. ಆಗ ಮೂವತ್ತು, ನಲವತ್ತೈದು, ಅರವತ್ತು ಎಂಬ ಮರ್ಯಾದಸ್ಥ ಕೋನಗಳಷ್ಟೇ ನಮ್ಮ ಕೈಗೆ ಸಲೀಸಾಗಿ ಒದಗುತ್ತಿದ್ದವು. ಮೂವತ್ತೇಳೂವರೆ ಬೇಕೆಂದರೆ ಉಸಿರು ಬಿಗಿಹಿಡಿದು ಅಂದಾಜಿನ ಮೇಲೆ ಎಳೆಯಬೇಕಾಗಿತ್ತು. ಈಗ ದಶಾಂಶದ ಮುಂದೆ ನಾಲ್ಕು ಸ್ಥಾನ ಕೇಳಿದರೂ ಯಂತ್ರ ಬೇಸರಿಸುವುದಿಲ್ಲ. ಬರೀ ಡಿಪ್ಲೊಮಾದಲ್ಲಿ ಓದು ಮುಗಿಸಿದವನಿಗೆ ಡಿಗ್ರಿಗಳ ಮೇಲೆ ತುಸು ಹೆಚ್ಚೇ ಮೋಹ ಎಂದು ನನ್ನ ಹೆಂಡತಿ ಹೇಳುವುದುಂಟು. ಈ ತಂತ್ರಾಂಶದಲ್ಲಿ ಸೊನ್ನೆ ಡಿಗ್ರಿ ಎಂದರೆ ಬಲಕ್ಕೆ, ಅಂದರೆ ನಕ್ಷೆಯ ಪೂರ್ವಕ್ಕೆ. ಅರಕಲಗೂಡಿನಿಂದ ಬಂದಿದ್ದ ಗೃಹಸ್ಥರೊಬ್ಬರಿಗೆ ಇದನ್ನು ತಿಳಿಸಿದಾಗ ಅವರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. "ನೋಡುದ್ರಾ ಸಾ, ಕಂಪ್ಯೂಟರ್ ಮಾಡ್ದೋನ್ಗೂ ವಾಸ್ತು ಗೊತ್ತು!" ನಾನು ಅವರ ಸಂತೋಷವನ್ನು ಕೆಡಿಸಲಿಲ್ಲ. ಇಂಥ ನಂಬಿಕೆಗಳು ಗಿರಾಕಿಗಳಿಗಿದ್ದರೆ ಬಾಧಕವಿಲ್ಲ. ಯಂತ್ರ ತಪ್ಪುವುದಿಲ್ಲವೆಂಬ ನಂಬಿಕೆ ನಕ್ಷೆ ಬರೆಯುವವನಿಗೇ ಹತ್ತಿಕೊಂಡರೆ ಏನಾಗುತ್ತದೆ ಎಂಬುದನ್ನು ನಾನು ಚನ್ನರಾಯಪಟ್ಟಣದಲ್ಲಿ, ನನ್ನ ಸ್ವಂತ ಅಕ್ಕನ ಮನೆಯ ಮುಂದೆ ಕಲಿತೆ.

ಸಾವಿತ್ರಕ್ಕನದು ಹೊಲಿಗೆಯ ಕೆಲಸ. ಮನೆಯೆದುರಿನ ರಸ್ತೆ ದಾಟಿದರೆ ಅವಳ ಪುಟ್ಟ ಅಂಗಡಿ. ಕೊರಳಲ್ಲಿ ಟೇಪು ನೇತುಹಾಕಿಕೊಂಡು ದಿನಕ್ಕೆ ಹತ್ತು ಸಲ ಅತ್ತಿಂದಿತ್ತ ಓಡಾಡುತ್ತಿದ್ದವಳು. ಬಟ್ಟೆಯ ಒಂದು ಮೂಲೆಯನ್ನು ಹಿಡಿದು ಎದುರಂಚಿಗೆ ಮಡಿಸಿ, ಉಗುರಿನಿಂದ ಗೀರಿ, ಓರೆಪಟ್ಟಿ ಕತ್ತರಿಸಿದಳೆಂದರೆ ಅದು ನಲವತ್ತೈದು ಡಿಗ್ರಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗುತ್ತಿರಲಿಲ್ಲ. ಆದರೆ ಡಿಗ್ರಿ ಎಂಬ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಬೆನ್ನುಹುರಿಯ ಕಾಯಿಲೆಯೊಂದು ಬಂದು ಅವಳ ಕಾಲುಗಳ ಸ್ವಾಧೀನವನ್ನು ಕಿತ್ತುಕೊಂಡು ಹೋಯಿತು. ಗಾಲಿಕುರ್ಚಿ ಬಂತು, ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರವೂ ಬಂತು. ಮನೆಯ ಮುಂದಿನ ಮೂರು ಮೆಟ್ಟಿಲು ಮಾತ್ರ ಹಾಗೇ ಉಳಿದವು. ಇಳಿಯಬೇಕೆಂದರೆ ಭಾವನನ್ನು ಕೂಗಬೇಕು, ಅವರಿಲ್ಲದಿದ್ದರೆ ಪಕ್ಕದ ಮನೆಯವರನ್ನು. ಬದುಕಿನಲ್ಲಿ ಸೂಜಿಯನ್ನೂ ಕಡ ಕೇಳದವಳಿಗೆ ಆ ಕೂಗು ಎಷ್ಟು ಕಷ್ಟವಾಗಿರಬೇಕು!

ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಹೇಳಿದಳು: "ನಡೀತೀನಿ ಅನ್ನೋ ಆಸೆ ಇಲ್ಲ ಕಣೋ. ಯಾರ್ನೂ ಕೂಗ್ದಂಗೆ ಅಂಗ್ಡಿಗೆ ಓಗ್ಬೇಕು, ಯಾರ್ನೂ ಕೂಗ್ದಂಗೆ ಮನೆಗೆ ಬರ್ಬೇಕು. ಅಷ್ಟು ಮಾಡ್ಕೊಡು."

ಮೂರು ಮೆಟ್ಟಿಲಿನ ಎತ್ತರ ಒಂದೂವರೆ ಅಡಿ. ಗಾಲಿಕುರ್ಚಿ ಹತ್ತುವ ದಾರಿಗೆ 'ಹನ್ನೆರಡಕ್ಕೆ ಒಂದು' ಎಂಬುದು ಲೆಕ್ಕ; ಅಂದರೆ ಒಂದು ಅಡಿ ಮೇಲೇರಲು ಹನ್ನೆರಡು ಅಡಿ ಸಾಗಬೇಕು. ಇದನ್ನು ವಿಚಾರಿಸಿ ತಿಳಿದುಕೊಂಡು, ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡವನೂ ನಾನೇ. ಮರುದಿನ ಕಂಪ್ಯೂಟರಿನ ಮುಂದೆ ಕುಳಿತಾಗ ತಲೆಯಲ್ಲಿ ಉಳಿದಿದ್ದದ್ದು ಹನ್ನೆರಡು ಮಾತ್ರ. ಇಪ್ಪತ್ತು ವರ್ಷದಿಂದ ಪಳಗಿದ ಬೆರಳು ಕಾಗೆಯ ಬಾಯಿ ಒತ್ತಿ, ಅದರ ಮುಂದೆ ಹನ್ನೆರಡು ಎಂದು ಒತ್ತಿತು. ಹನ್ನೆರಡು ಡಿಗ್ರಿಯ ಗೆರೆ ಏಳೇ ಅಡಿಯಲ್ಲಿ ಹೊಸಿಲಿನ ಮಟ್ಟ ಮುಟ್ಟಿ, ಮುಂದಿನ ಅಂಗಳದಲ್ಲಿ ಅಳೆದು ಮಾಡಿಸಿದಂತೆ ಕುಳಿತುಕೊಂಡಿತು. ಅಷ್ಟು ಸುಲಭವಾಗಿ ಕುಳಿತದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ನಾನಾದರೋ ಮೆಚ್ಚಿಕೊಂಡು, ಬಾಣದ ಗುರುತು ಹಾಕಿ, ಅದರ ಪಕ್ಕದಲ್ಲಿ ದುಂಡಗೆ 'ಇಳಿಜಾರು' ಎಂದು ಬರೆದೆ.

ಕಟ್ಟಲು ಬಂದವನು ಕಟ್ಟಾಯದ ಮೇಸ್ತ್ರಿ ನಿಂಗಪ್ಪ. ಊರ ಹೆಸರಿನಲ್ಲೇ ಕಟ್ಟುವುದನ್ನು ಇಟ್ಟುಕೊಂಡವನು, ಕಡಿಮೆ ಮಾತಿನವನು. ದಾರ ಎಳೆದು, ಹಿಂದೆ ಸರಿದು ನೋಡಿ, "ಯಾಕೋ ಕಡಿದಾಯ್ತು ಸಾ. ಬಾಂಡ್ಲಿ ಒತ್ಕೊಂಡು ಅತ್ತಕ್ಕೇ ದಮ್ಮು ಬತ್ತದೆ" ಎಂದ. ನಾನು ನಕ್ಷೆಯನ್ನು ಅವನ ಮುಂದೆ ಬಿಡಿಸಿ, ಹನ್ನೆರಡು ಡಿಗ್ರಿ, ಕಂಪ್ಯೂಟರ್ ತೆಗೆದದ್ದು ಎಂದೆ. ಮೂವತ್ತು ವರ್ಷದಿಂದ ಗಾರೆ ಕಲಸಿದ ಕಣ್ಣು ಹೇಳಿದ್ದನ್ನು ಒಂದು ಹಾಳೆ ತೋರಿಸಿ ಬಾಯಿ ಮುಚ್ಚಿಸಿದೆ. ಅವನು "ಅಂಗಾರೆ ಸರಿ ಬುಡಿ" ಎಂದು ಕರಣೆ ಕೈಗೆತ್ತಿಕೊಂಡ.

ಗಾರೆ ಒಣಗಿದ ಮೇಲೆ ಒಂದು ಬೆಳಿಗ್ಗೆ, ಭಾವ ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡು ಅಕ್ಕನನ್ನು ಇಳಿಸಿದರು. ಹೊಸದರಲ್ಲಿ ಹಾಗೇ ಎಂದುಕೊಂಡೆವು. ಸಂಜೆ ಅಂಗಡಿಯಿಂದ ಮರಳಿದವಳು, ಯಾರೂ ಮುಟ್ಟಬೇಡಿ ಎಂದು ಸನ್ನೆ ಮಾಡಿ, ತಾನೇ ಗಾಲಿಗೆ ಕೈ ಹಾಕಿದಳು. ಎರಡಡಿ ಏರಿತು, ಜಾರಿತು. ಇನ್ನೊಮ್ಮೆ ಏರಿತು, ಜಾರಿತು. ಮೂರನೆಯ ಸಲ ಕುರ್ಚಿಯ ಮುಂದಿನ ಗಾಲಿಗಳು ನೆಲ ಬಿಟ್ಟವು. ಭಾವ ಜಿಗಿದು ಹಿಡಿದುಕೊಂಡರು. ಅಂಥ ಹೊತ್ತಿನಲ್ಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಅಭ್ಯಾಸವಾದರೆ ಸರಿಹೋಗುತ್ತದೆ ಅಕ್ಕ ಎಂದುಬಿಟ್ಟೆ. ಅವಳು ಕೆಂಪಾದ ಅಂಗೈಗಳನ್ನು ಸೆರಗಿನಲ್ಲಿ ಒರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದಳು: "ಇಳಿಜಾರೇನೋ ಚೆನ್ನಾಗೈತೆ ಕಣೋ. ಏರೇ ಯಾಕೋ ಸರಿಯಿಲ್ಲ."

ಹೊಳೆನರಸೀಪುರಕ್ಕೆ ಮರಳುವ ಬಸ್ಸಿನಲ್ಲಿ ಆ ಎರಡು ಮಾತು ನನ್ನ ಪಕ್ಕದಲ್ಲೇ ಕುಳಿತಿದ್ದವು. ಇಳಿಜಾರು, ಏರು. ಒಂದೇ ಗೆರೆ, ಎರಡು ಹೆಸರು. ಹೊಸಿಲಿನಲ್ಲಿ ನಿಂತವರಿಗೆ ಒಂದು, ರಸ್ತೆಯಲ್ಲಿ ಕುಳಿತವಳಿಗೆ ಇನ್ನೊಂದು. ನಾನು ಮೇಲಿನಿಂದ ಕಾಣುವ ಹೆಸರನ್ನಷ್ಟೇ ಬರೆದಿದ್ದೆ. ಮರುದಿನ ಲಗ್ನಪತ್ರಿಕೆಯನ್ನು ಹುಡುಕಿ ತೆಗೆದು ಓದಿದಾಗ ತಪ್ಪು ಕಣ್ಣಿಗೆ ರಾಚಿತು. ಹನ್ನೆರಡಕ್ಕೆ ಒಂದು ಎಂದರೆ ಐದು ಡಿಗ್ರಿಯೂ ಆಗದು. ಹನ್ನೆರಡು ಡಿಗ್ರಿ ಎಂದರೆ ಐದಡಿ ಸಾಗುವ ಮೊದಲೇ ಒಂದಡಿ ಏರು. ತಪ್ಪು ಯಾರಿಗೂ ಗೊತ್ತಿರಲಿಲ್ಲ. ನಾನು ಬಾಯಿ ಬಿಡದಿದ್ದರೆ ಅವಳ ತೋಳಿನಲ್ಲಿ ಕಸುವು ಸಾಲದೆಂದು ಎಲ್ಲರೂ ನಂಬುತ್ತಿದ್ದರು. ಕೊನೆಗೆ ಅವಳೂ ನಂಬುತ್ತಿದ್ದಳು. ಅದನ್ನು ನೆನೆದಾಗ ನನಗೆ ಸುಮ್ಮನಿರಲಾಗಲಿಲ್ಲ. ಅಕ್ಕನಿಗೆ ಹೇಳಿದೆ, ನಿಂಗಪ್ಪನಿಗೂ ಹೇಳಿದೆ. ಅಕ್ಕ ತನ್ನ ಅಂಗೈಗಳನ್ನು ನೋಡಿಕೊಂಡು, "ಸದ್ಯ, ನನ್ ಕೈದು ತಪ್ಪಲ್ವಲ್ಲ" ಎಂದಳು. ನಿಂಗಪ್ಪ ನಗಲಿಲ್ಲ, ಆಡಿಕೊಳ್ಳಲೂ ಇಲ್ಲ. "ಡಿಗ್ರಿ ಅನ್ನಾದು ಜರ ಅಳ್ಯಾಕೆ ಸಾ. ಅಡಿಗೊಂದು ಇಂಚು ಅಂದಿದ್ರೆ ಅವತ್ತೇ ಗೊತ್ತಾಗೋದು" ಎಂದ. ಅಡಿಗೆ ಹನ್ನೆರಡು ಇಂಚು, ಹನ್ನೆರಡಕ್ಕೆ ಒಂದು! ನಾನು ನಾಲ್ಕು ದಶಾಂಶ ಸ್ಥಾನಗಳಲ್ಲಿ ಕಳೆದುಕೊಂಡದ್ದು ಅವನ ಬಾಯಲ್ಲಿ ಎರಡು ಪದವಾಗಿತ್ತು.

ಕಟ್ಟಿದ್ದನ್ನು ಒಡೆಸಿದೆ. ಒಂದೂವರೆ ಅಡಿ ಎತ್ತರಕ್ಕೆ ಹದಿನೆಂಟಡಿ ಉದ್ದ ಬೇಕು, ಅಂಗಳ ಅಷ್ಟು ಉದ್ದವಿಲ್ಲ. ಬಟ್ಟೆ ಮಡಿಸುವ ಹಾಗೆ ಮಡಿಸಬಾರದೇನೋ ಎಂದವಳು ಅಕ್ಕನೇ. ಹಾಗಾಗಿ ಒಂಬತ್ತಡಿ ಗೋಡೆಗುಂಟ ಹೋಗಿ, ಒಂದು ಸಮತಟ್ಟಿನ ಕಟ್ಟೆಯಲ್ಲಿ ಉಸಿರು ತೆಗೆದುಕೊಂಡು, ತಿರುಗಿ ಮತ್ತೆ ಒಂಬತ್ತಡಿ. ಅದು ಮುಗಿದ ಸಂಜೆ ಅವಳು ರಸ್ತೆ ದಾಟಿ ಬಂದಳು. ಕಟ್ಟೆಯ ಹತ್ತಿರ ಕುರ್ಚಿ ನಿಂತಾಗ ನನಗರಿವಿಲ್ಲದೆ ಒಂದು ಹೆಜ್ಜೆ ಮುಂದಿಟ್ಟೆ. ಅವಳು ತಿರುಗಿಯೂ ನೋಡದೆ ಒಂದು ಬೆರಳೆತ್ತಿದಳು. ನಾನು ನಿಂತೆ. ಗಾಲಿ ತಿರುಗಿತು, ಹೊಸಿಲು ದಾಟಿತು, ಅಕ್ಕ ಒಳಗೆ ಹೋದಳು. ನಾನು ಕೆಳಗೆ ಕಣ್ಣು ತುಂಬಿಕೊಂಡು ನಿಂತೇ ಇದ್ದೆ. ಆಮೇಲೆ ಒಳಗಿನಿಂದ ಅವಳ ಕೂಗು ಕೇಳಿಸಿತು: "ಲೇ, ಅಲ್ಲೇ ಯಾಕ್ಲಾ ನಿಂತಿದ್ದೀಯ? ಅತ್ಕೊಂಡು ಬಾ, ಕಾಪಿ ಇಡ್ತೀನಿ."

ಕೀಲಿಮಣೆ ಬದಲಾಯಿಸಿ ಎಂದು ಎಲ್ಲರೂ ಹೇಳುತ್ತಾರೆ, ನನಗೆ ಮನಸ್ಸಿಲ್ಲ. ಆ ಬೋಳು ಕೀಲಿಯನ್ನು ಒತ್ತುವ ಮೊದಲು ಬೆರಳು ಈಗ ಒಂದು ಗಳಿಗೆ ತಡೆಯುತ್ತದೆ. ಸವೆದುಹೋದ ಆ ಚಿಹ್ನೆಯನ್ನು ಮನಸ್ಸಿನಲ್ಲೇ ಬರೆದು ನೋಡುತ್ತೇನೆ: ಒಂದೇ ಚುಕ್ಕೆಯಿಂದ ಹೊರಟು ಒಂದು ಗೆರೆ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಅಕ್ಕನ ಮನೆಯ ನಕ್ಷೆಯಲ್ಲಿ 'ಇಳಿಜಾರು' ಎಂಬುದನ್ನು ಅಳಿಸಿ, ಬಾಣವನ್ನು ತಿರುಗಿಸಿ, 'ಏರು' ಎಂದು ಬರೆದಿಟ್ಟಿದ್ದೇನೆ.