ಮಗುಚಿ ಹಾಸಿದ ಕಲ್ಲು

ಇಟ್ಟಿಗೆ ನೀರಿನಲ್ಲಿ ತೇಲುವುದನ್ನು ನಾನು ನೋಡಿದ್ದು ಮುಂಬೈ ಕಡೆಯ ಕಲ್ಯಾಣದ ಪಕ್ಕದ ಈ ವಿಠ್ಠಲವಾಡಿಯಲ್ಲೇ. ನಮ್ಮ ಖೋಲಿ, ಅಂದರೆ ಒಂದೇ ಕೋಣೆಯ ಮನೆ, ಕೆಡವಿ ಹೊಸದು ಕಟ್ಟಬೇಕಿತ್ತು. ಎದುರು ಮನೆಯ ಪ್ರಾಚಿ ಮನೆ ಕಟ್ಟಿಸುವ ವಿದ್ಯೆ ಓದಿದ ಮರಾಠಿ ಹುಡುಗಿ. ಬೂದಿ ಬಣ್ಣದ ಇಟ್ಟಿಗೆ ತಂದು ನನ್ನ ಬಕೆಟ್ಟಿನಲ್ಲಿ ಬಿಟ್ಟಳು. ತೇಲಿತು. ಕರೆಂಟು ಮಾಡುವ ಕಾರ್ಖಾನೆಯ ಬೂದಿಯದು, ಹೊಲದ ಮಣ್ಣು ಅಗೆಯಬೇಕಿಲ್ಲ, ಭಟ್ಟಿಯಲ್ಲಿ ಸುಡಬೇಕಿಲ್ಲ, ಪರಿಸರಕ್ಕೆ ಒಳ್ಳೆಯದು ಎಂದಳು.

"ಮಳಿಗಾಲದಾಗ ನಾಲಿ ನೀರು ಗಲ್ಲಿಗೆ ಬರತದ. ಅವಾಗ ಮನಿ ಹಿಡ್ಕೊಂಡು ಕೂಡೋರು ಯಾರು?" ಎಂದೆ. ಸೊಸೆ ಸುನಂದಾ ಅದನ್ನು ಮರಾಠಿಯಲ್ಲಿ ಹೇಳದೆ ನುಂಗಿಕೊಂಡಳು.

ಒಳ್ಳೆಯದು ಎನ್ನುತ್ತ ಬಂದವರ ಕೈಯನ್ನು ನಾನು ಮೊದಲು ನೋಡುತ್ತೇನೆ. ನಮ್ಮ ಚಿತ್ತಾಪುರದ ಕಡೆ ಮನೆ ಎಂದರೆ ಕಲ್ಲು. ಗೋಡೆ ಕಲ್ಲು, ನೆಲ ಶಹಾಬಾದ ಕಲ್ಲು. ಬೇಸಿಗೆಯಲ್ಲಿ ಚಾಪೆಯೂ ಇಲ್ಲದೆ ಅದರ ಮೇಲೆ ಬಿದ್ದುಕೊಂಡರೆ ನಿದ್ದೆ. ಇಲ್ಲಿಯ ತುರ್ಭೆ ಮಾರುಕಟ್ಟೆಯಲ್ಲಿ ಮೂಟೆ ಹೊತ್ತ ವರ್ಷಗಳಲ್ಲೆಲ್ಲ ಸಿಮೆಂಟಿನ ಮೇಲೆ ಮಲಗಿದೆ. ಸಿಮೆಂಟು ಹಗಲ ಬಿಸಿಯನ್ನು ಬೆಳಗಿನವರೆಗೂ ಬಿಡುವುದಿಲ್ಲ. ಸಾಯುವ ಮೊದಲು ಕಲ್ಲಿನ ನೆಲ ಬೇಕಿತ್ತು, ಅಷ್ಟೇ.

"ಗೋಡಿ ನಿಮ್ದು, ತೇಲಲಿ ಮುಳುಗಲಿ. ನೆಲ ನಂದು," ಎಂದೆ.

ಪ್ರಾಚಿ ತಲೆ ಆಡಿಸಿದಳು. ಅಷ್ಟು ದೂರದಿಂದ ಲಾರಿಯಲ್ಲಿ ಬರುವ ಕಲ್ಲು ಬೇಡ, ಡೀಸೆಲ್ ಸುಡುತ್ತದೆ, ಹತ್ತಿರ ಸಿಗುವುದನ್ನೇ ಹಾಕಬೇಕು. "ಆಜಿ, ತೋ ದಗಡ ಬಾಹೇರಚಾ ಆಹೇ," ಎಂದಳು. ಆ ಕಲ್ಲು ಹೊರಗಿನದು ಅಂತ.

"ನಾನೂ ಹೊರಗಿನಾಕಿನೇ. ನನ್ನೂ ಬ್ಯಾಡ ಅಂತಾಳೇನು ಕೇಳು."

ಈ ಸಲ ಸುನಂದಾ ಕೇಳಿದಳು. ಪ್ರಾಚಿ ನಕ್ಕಳು. ನಾನು ನಗಲಿಲ್ಲ.

ಎರಡು ದಿನ ಬಿಟ್ಟು ಅವಳೇ ದಾರಿ ಹುಡುಕಿಕೊಂಡು ಬಂದಳು. ಡೊಂಬಿವಲಿಯಲ್ಲಿ ಸಾಲು ಖೋಲಿಗಳ ಹಳೆಯ ಚಾಳೊಂದನ್ನು ಕೆಡವುತ್ತಿದ್ದಾರೆ, ಅದರ ನೆಲದಲ್ಲಿ ಶಹಾಬಾದ ಕಲ್ಲೇ ಇದೆ, ಎಂದೋ ಬಂದು ಇಲ್ಲಿಯದೇ ಆಗಿಹೋಗಿದೆ, ಅದನ್ನು ಮತ್ತೆ ಹಾಕಿದರೆ ಯಾವ ದೋಷವೂ ಇಲ್ಲ ಎಂದಳು. ನನಗೆ ಅನುಮಾನ ಇನ್ನೂ ಹೆಚ್ಚಾಯಿತು. ಯಾರ ಮನೆಯ ಕಲ್ಲೋ, ಯಾರು ತುಳಿದದ್ದೋ. ನಮ್ಮಲ್ಲಿ ಹೆಣಕ್ಕೆ ನೀರು ಹಾಕುವುದೂ ಇಂಥ ಕಲ್ಲಿನ ಮೇಲೆಯೇ.

ಲೋಕಲ್ ರೈಲು ಹಿಡಿದು ಹೋಗಿ ನೋಡಿದೆವು. ಕೆಡವುವವನು ಕಲ್ಲಿನ ರಾಶಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಸಬ್ ಕಿಚನ್ ಕಾ ಹೈ, ಅಮ್ಮಾ," ಎಂದ. ಎಲ್ಲವೂ ಅಡುಗೆಮನೆಯದೇ ಅಂತೆ.

"ಇಡೀ ಚಾಳಿನಾಗ ಯಾರೂ ಜಳಕಾನೇ ಮಾಡಿಲ್ಲೇನು?" ಎಂದು ಸುನಂದಾಳನ್ನು ಕೇಳಿದೆ.

ಆದರೆ ಕಲ್ಲು ನಮ್ಮದೇ. ಉಗುಳು ಹಚ್ಚಿ ಒರೆಸಿದೆ, ಅದೇ ನೀಲಿ. ತೆಗೆದುಕೊಂಡೆವು.

ಹಾಸುವ ದಿನ ನಾನು ಗೌಂಡಿಯ ಎದುರು ಕೂತು ಒಂದೊಂದನ್ನೂ ಮಗುಚಿ ಹಾಕಿಸಿದೆ. ಯಾರೂ ತುಳಿಯದ ಮಗ್ಗುಲು ಮೇಲೆ ಬರಬೇಕು. ಕೆಳಗಿನ ಮಗ್ಗುಲು ಒರಟು ಎಂದು ಅವನು ಹೇಳಿದ. ಕೂಲಿ ಹೆಚ್ಚು ಕೇಳಲು ಹಾಗೆ ಹೇಳುತ್ತಾನೆ ಎಂದುಕೊಂಡೆ.

ಈಗ ಒರೆಸುವ ಬಟ್ಟೆ ವಾರದಲ್ಲಿ ಚಿಂದಿಯಾಗುತ್ತದೆ. ಚೆಲ್ಲಿದ ಹಿಟ್ಟು ತಗ್ಗಿನಲ್ಲಿ ಕೂತು ಏಳುವುದಿಲ್ಲ. "ಅತ್ತಿ, ಇದು ನೆಲ ಅಲ್ಲ, ಬೀಸೋ ಕಲ್ಲು," ಎನ್ನುತ್ತಾಳೆ ಸುನಂದಾ. ಆದರೂ ತಂಪಿದೆ. ಗೋಡೆಯೂ ಇನ್ನೂ ತೇಲಿ ಹೋಗಿಲ್ಲ. ನೋಡೋಣ.

ಮೊನ್ನೆ ಊರಿಂದ ತಮ್ಮನ ಹೆಂಡತಿ ಬಂದಳು. ಹೊಸ್ತಿಲಲ್ಲೇ ನಿಂತು ನೆಲ ನೋಡಿದಳು.

"ಯಕ್ಕಾ, ಮುಂಬೈಗಿ ಬಂದು ದನದ ಕೊಟ್ಟಿಗಿ ಕಟ್ಟಿಸಿರೇನು? ನಮ್ಮನ್ಯಾಗ ಈಗ ಎಲ್ಲಾ ಟೈಲ್ಸ್. ಮುಖ ಕಾಣತದ."

"ಮುಖ ನೋಡ್ಲಿಕ್ಕಿ ಕನ್ನಡಿ ಇಲ್ಲೇನು ನಿಮ್ಮನ್ಯಾಗ?"

ಅವಳು ಚಾಪೆ ಕೇಳಿ ಹಾಸಿಕೊಂಡಳು. ಹೋಗುವಾಗ, ಊರಿಗೆ ಬಂದುಬಿಡಿ, ನುಣ್ಣನೆಯ ನೆಲದಲ್ಲಿ ಮಲಗುವಿರಂತೆ ಎಂದು ಕರೆದಳು. ಹೋದ ದೀಪಾವಳಿಗೆ ಹೋಗಿ ಅದೇ ನೆಲದಲ್ಲಿ ಜಾರಿ ಬಿದ್ದಿದ್ದೆ. ಅದನ್ನು ಅವಳು ಮರೆತಿದ್ದಾಳೆ, ನನ್ನ ಸೊಂಟ ಮರೆತಿಲ್ಲ. ಅಲ್ಲಿ ಕಾಲು ಜಾರುತ್ತದೆ, ಇಲ್ಲಿ ಬೆನ್ನು ತರಚುತ್ತದೆ. ಸದ್ಯಕ್ಕೆ ಬೆನ್ನೇ ಆಗಲಿ ಎಂದಿದ್ದೇನೆ.