ಫ್ರಾನ್ಸಿನ ಜೋಳ

ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ. ಪಾಸಾದರೆ ದಾಂಡೇಲಿಯ ಹೈಸ್ಕೂಲು, ನಪಾಸಾದರೆ ಅದೇ ಬೇಸಿಗೆಯಲ್ಲಿ ಸೋದರಮಾವನ ಜೊತೆ ಮದುವೆ ಎಂದು ಅಪ್ಪ ತೀರ್ಮಾನ ಕೊಟ್ಟಿದ್ದ. ಸೋದರಮಾವ ಎಂದರೆ ಅವ್ವನ ಖಾಸಾ ತಮ್ಮ. ಧಾರವಾಡ ಕಡೆಯ ನಮ್ಮ ಹಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದ ಒಳ್ಳೆಯ ಮನುಷ್ಯ. ಹಾಗಿದ್ದೂ ಅವ್ವ ನನ್ನ ಕಡೆ. "ಅವಗ ಬ್ಯಾರೆ ಹೆಣ್ಣು ಸಿಕ್ಕಾಳು, ನೀ ಓದ" ಎನ್ನುತ್ತಿದ್ದಳು.

ಅಪ್ಪನಿಗೆ ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಕೆಲಸ. ಬೆಳಗಿನ ಭೋಂಗಾ ಕೂಗುವುದರೊಳಗೆ ಅವನ ಬುತ್ತಿ ಕಟ್ಟಬೇಕು. ಅವ್ವ ರೊಟ್ಟಿ ಬಡಿಯುವಾಗ ನಾನು ಒಲೆಯ ಪಕ್ಕ ಕೂತು ಜಗತ್ತಿನ ಇತಿಹಾಸ ಉರುಹೊಡೆಯುತ್ತಿದ್ದೆ. ಫ್ರಾನ್ಸಿನ ಕ್ರಾಂತಿಗೆ ಕಾರಣಗಳೇನು ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂದು ಗುರುಗಳು ಹೇಳಿದ್ದರು. ಸಾಲೆಯ ಮೆಟ್ಟಿಲು ಹತ್ತದ ಅವ್ವನಿಗೆ ನನಗಿಂತ ಹೆಚ್ಚು ಕಾರಣ ಬೇಕಾಗುತ್ತಿತ್ತು. ಬೊಕ್ಕಸ ಬರಿದಾಗಿದ್ದರೂ ಅರಮನೆಯ ವೈಭವ ನಿಲ್ಲಲಿಲ್ಲ ಎಂದು ನಾನು ಒದರಿದರೆ, "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು! ಮುಂದ?" ಎನ್ನುವಳು.

ಒಂದು ದಿನ ಮುಂದಿನ ಕಾರಣ ಓದಿದೆ. ಬೆಳೆ ಕೆಟ್ಟು ಜನ ಉಪವಾಸ ಬಿದ್ದರು.

"ಯಾವ ಬೆಳಿ?"

"ಪುಸ್ತಕದಾಗ ಬರದಿಲ್ಲಬೇ."

"ಜ್ವಾಳನ ಇರಬೇಕ ತಗೋ. ಜ್ವಾಳ ಹೋದ್ರನ ಮಂದಿ ಉಪಾಸ ಬೀಳ್ತಾರ. ತೆನಿಗೆ ಕಾಡಗಿ ಬಿದ್ದಿರಬೇಕು." ಹಿಟ್ಟಿನ ಕೈಯನ್ನೇ ಗಲ್ಲಕ್ಕಿಟ್ಟುಕೊಂಡು, "ಪಾಪ, ಸಣ್ಣ ಹುಡುಗೂರು ಏನ್ ತಿಂದವೋ" ಎಂದು ಮರುಗಿದಳು.

ಹಳಿಯಾಳದಲ್ಲಿ ಪರೀಕ್ಷೆ. ಆ ಪ್ರಶ್ನೆ ಬಂದೇ ಬಂತು. ಗಿಣಿಪಾಠವೆಲ್ಲ ಒಪ್ಪಿಸಿದ ಮೇಲೂ ಹಾಳೆಯಲ್ಲಿ ಜಾಗ ಉಳಿದಿತ್ತು. ಜೋಳದ ತೆನೆಗೆ ಕಾಡಿಗೆ ರೋಗ ಬಿದ್ದು, ಕಾಳೆಲ್ಲ ಕರಿಪುಡಿಯಾಗಿ, ಫ್ರಾನ್ಸಿನ ತಾಯಂದಿರು ಒಲೆ ಹೊತ್ತಿಸದೆ ಕೂತರೆಂದು ಕಣ್ಣಿಗೆ ಕಟ್ಟುವಂತೆ ಬರೆದೆ. ಇಡೀ ಉತ್ತರದಲ್ಲಿ ನನಗೆ ಅರ್ಥವಾಗಿದ್ದ ಭಾಗ ಅದೊಂದೇ.

ಮರಳುವ ಬಸ್ಸಿನಲ್ಲಿ ಅದನ್ನು ಗುರುಗಳಿಗೆ ಜಂಬದಿಂದ ಹೇಳಿದೆ. ಅವರು ಹಣೆ ಹಣೆ ಬಡಿದುಕೊಂಡರು.

"ಅಲ್ಲಿ ಮಂದಿ ತಿನ್ನೂದು ಗೋದಿ, ಯವ್ವಾ! ಜ್ವಾಳ ಅಂತ ಯಾರ್ ಹೇಳಿದ್ರು ನಿನಗ?"

ಯಾರೆಂದು ನಾನು ಬಾಯಿ ಬಿಡಲಿಲ್ಲ. ಮನೆಗೆ ಬಂದವಳೇ ಅವ್ವನ ಮುಂದೆ ಅಳುತ್ತ ಎಲ್ಲ ಹೇಳಿಬಿಟ್ಟೆ. ಅವಳ ಮುಖ ಸಣ್ಣದಾಯಿತು.

"ನನ್ನ ಬಾಯಾಗ ಮಣ್ಣ ಹಾಕ. ಓದೂ ಹುಡುಗಿಗೆ ನಾ ಯಾಕ ಹೇಳಾಕ ಹೋದೆ" ಎಂದಳು.

ಅಂದಿನಿಂದ ಅವ್ವ ನನ್ನನ್ನು ಏನನ್ನೂ ಕೇಳಲಿಲ್ಲ. ಯಾವ ರಾಜ, ಯಾವ ಯುದ್ಧ, ಮುಂದೇನಾಯಿತು, ಒಂದೂ ಇಲ್ಲ. ಬೆಳಗಾದರೆ ಬರೀ ರೊಟ್ಟಿಯ ಸಪ್ಪಳ. ನನಗೆ ಮದುವೆಯ ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಅವ್ವನ ಆ ಮೌನ ಅದಕ್ಕಿಂತ ಹೆಚ್ಚಾಗಿ ಕರುಳು ಹಿಂಡುತ್ತಿತ್ತು. ಪುಸ್ತಕ ಹಿಡಿದು ಬೇಕಂತಲೇ ಗಟ್ಟಿಯಾಗಿ ಓದುತ್ತಿದ್ದೆ. ಅವಳು ತಲೆ ಎತ್ತುತ್ತಿರಲಿಲ್ಲ.

ಫಲಿತಾಂಶದ ದಿನ ಗುರುಗಳು ತಾವೇ ಬಾಗಿಲಿಗೆ ಬಂದರು. "ಪಾಸಾಗ್ಯಾಳ್ರೀ ನಿಮ್ಮ ಮಗಳು" ಎಂದರು.

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತುಬಿಟ್ಟಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದಾಗಲೇ ಅವಳಿಗೆ ಎಚ್ಚರ. ಅದನ್ನು ಕೆಳಗಿಳಿಸಿ, ಇನ್ನೊಂದು ಉಂಡೆ ಕೈಗೆತ್ತಿಕೊಂಡು, ಎಷ್ಟೋ ದಿನಗಳ ಮೇಲೆ ನನ್ನ ಮುಖ ನೋಡಿದಳು.

"ಹೈಸ್ಕೂಲಿಗೆ ಹೋದ ಮ್ಯಾಲೆ ಕೇಳ್ಕೊಂಡ್ ಬಾ" ಎಂದಳು. "ಆ ಗೋದಿಗೆ ಏನ್ ರೋಗ ಬಿದ್ದಿತ್ತಂತ."